ಒಳಗೆ ಸೋರುವ ನೆತ್ತರಿಗೆ ಹೊರಗಿನ ಗುರುತು

ಪ್ರತಿ ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ ನಡೆಯುತ್ತದೆ. ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದಲ್ಲಿ, ಕರ್ನಾಟಕದ ಗಡಿಗೆ ಸಮೀಪದಲ್ಲಿರುವ ಈ ಗುಡ್ಡಕ್ಕೆ ಆದೋನಿ, ಆಲೂರಿನವರ ಜೊತೆಗೆ ಬಳ್ಳಾರಿ, ಸಿರುಗುಪ್ಪ ಕಡೆಯ ಭಕ್ತರೂ ಬರುತ್ತಾರೆ. ಉತ್ಸವಮೂರ್ತಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳಲು ಸುತ್ತಣ ಹಳ್ಳಿಗಳವರು ಎರಡು ಬಣವಾಗಿ ಕೋಲು ಬೀಸುತ್ತಾರೆ. ವರ್ಷ ವರ್ಷವೂ ಹತ್ತಾರು ಜನರ ತಲೆ ಒಡೆಯುತ್ತದೆ. ಗುಡ್ಡದ ಬಳಿ ಚಿಕಿತ್ಸಾ ಶಿಬಿರ ಇರುತ್ತದೆ, ಹೆಚ್ಚು ಪೆಟ್ಟಾದವರನ್ನು ಆಲೂರು, ಆದೋನಿಯ ಆಸ್ಪತ್ರೆಗಳಿಗೆ ಸಾಗಿಸುತ್ತಾರೆ. ಆದರೆ ಗಾಯಕ್ಕೆ ಭಂಡಾರ ಮೆತ್ತಿಕೊಂಡು ಮತ್ತೆ ಗುಂಪಿಗೆ ಸೇರುವವರೂ, ನೆತ್ತರು ನಿಂತಿತೆಂದು ಬೆಳಗಿನ ಜಾವ ಊರಿಗೆ ನಡೆದು ಹೋಗುವವರೂ ಇದ್ದಾರೆ. ಆ ಉತ್ಸವ ಹೇಗೆ ನಡೆಯಬೇಕು ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ನನ್ನ ಮಾತು ಅದರ ಮರುದಿನದ ಬಗ್ಗೆ. ನೆತ್ತಿಯ ಚರ್ಮ ಸೀಳಿದರೆ ನೆತ್ತರು ಧಾರಾಳವಾಗಿ ಹರಿದು ನೋಡುವವರ ಎದೆ ನಡುಗಿಸುತ್ತದೆ, ಆದರೆ ಒತ್ತಿ ಹಿಡಿದರೆ ಅದು ನಿಲ್ಲುತ್ತದೆ. ಜೀವಕ್ಕೆ ಕುತ್ತು ತರುವ ನೆತ್ತರು ತಲೆಬುರುಡೆಯ ಒಳಗಿನದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಎಷ್ಟೋ ಸಲ ಮೊದಲ ಕೆಲವು ಗಂಟೆ ನೋವನ್ನೂ ಕೊಡುವುದಿಲ್ಲ.

ಕಣತಲೆಯ ಮೂಳೆ ತೆಳುವಾದದ್ದು. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹರಿಯುತ್ತದೆ. ಅಲ್ಲಿಗೆ ಕೋಲಿನ ಏಟು ಬಿದ್ದರೆ, ಅಥವಾ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದರೆ, ಮೂಳೆ ಬಿರಿದು ಆ ನಾಳ ಹರಿಯಬಹುದು. ಪೆಟ್ಟು ಬಿದ್ದವನು ಒಂದು ಗಳಿಗೆ ಎಚ್ಚರ ತಪ್ಪಿ, ಮತ್ತೆ ಎದ್ದು ಕೂತು, ನೀರು ಕುಡಿದು, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಾನೆ. ಮನೆಯವರಿಗೆ ಸಮಾಧಾನವಾಗುತ್ತದೆ. ಮೂಳೆಗೂ ಮಿದುಳಿನ ಪೊರೆಗೂ ನಡುವೆ ನೆತ್ತರು ಶೇಖರವಾಗುತ್ತಿರುವುದು ಆ ಹೊತ್ತಿನಲ್ಲೇ. ತಲೆಬುರುಡೆ ಬಾಯಿ ಮುಚ್ಚಿದ ಗಡಿಗೆಯಂತೆ, ಹಿಗ್ಗುವುದಿಲ್ಲ. ಒಳಗೆ ನೆತ್ತರು ಹೆಚ್ಚಿದಷ್ಟೂ ಮಿದುಳು ಅದುಮಿಕೊಳ್ಳುತ್ತದೆ, ಕೊನೆಗೆ ಉಸಿರಾಟವನ್ನು ನಡೆಸುವ ಬುಡದ ಭಾಗವೂ ನಲುಗುತ್ತದೆ. ಹೆಚ್ಚುತ್ತಾ ಹೋಗುವ ತಲೆನೋವು, ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಫಿಟ್ಸ್ ಬರುವುದು: ಇವು ಗಂಟೆಗಳ ಬಳಿಕ ಕಾಣಿಸುವ ಗುರುತುಗಳು. 2009ರ ಮಾರ್ಚ್‌ನಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಹಿಮದ ಮೇಲೆ ಜಾರಿ ಬಿದ್ದಾಗ ಆದದ್ದು ಇದೇ. ತನಗೇನೂ ಆಗಿಲ್ಲವೆಂದು ಆಕೆ ಹೇಳಿದರು, ಮೊದಲು ಬಂದ ಆಂಬುಲೆನ್ಸ್ ಹಿಂದಿರುಗಿತು. ಎರಡು ದಿನದಲ್ಲಿ ಅವರು ತೀರಿಕೊಂಡರು. ಸಕಾಲಕ್ಕೆ ಬುರುಡೆ ತೆರೆದು ಆ ನೆತ್ತರನ್ನು ಹೊರತೆಗೆದರೆ ಇಂಥವರಲ್ಲಿ ಬಹಳಷ್ಟು ಜನ ಮೊದಲಿನಂತಾಗುತ್ತಾರೆ ಎಂಬುದು ಈ ಸಾವುಗಳನ್ನು ಇನ್ನಷ್ಟು ಸಂಕಟದ ವಿಷಯವಾಗಿಸುತ್ತದೆ. ತಲೆಗೆ ಪೆಟ್ಟಾದವನು ಕುಡಿದಿದ್ದರಂತೂ ಕಷ್ಟ ಎರಡು ಪಟ್ಟು. ಅಮಲಿನ ನಿದ್ದೆಗೂ ಒಳಗಿನ ನೆತ್ತರಿನ ಮಂಪರಿಗೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಇಳಿಯಲಿ, ಮಲಗಲಿ ಎಂದು ಬಿಡುವ ಬದಲು ತಾಸಿಗೊಮ್ಮೆ ಎಬ್ಬಿಸಿ ಹೆಸರು ಕೇಳಬೇಕು. ಉತ್ತರ ತೊದಲಿದರೆ ಬೆಳಗಾಗಲೆಂದು ಕಾಯಬಾರದು. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರಿಗೆ ಒಂದು ಮಾತು: ಕಾಗದಪತ್ರಕ್ಕಿಂತ ಮೊದಲು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ.

ಇಲ್ಲಿಂದ ನನ್ನ ವಾದ ಶುರುವಾಗುತ್ತದೆ. ಮಿದುಳಿನೊಳಗಿನ ರಕ್ತಸ್ರಾವವನ್ನು ಗುರುತಿಸುವುದು ವೈದ್ಯರ ಕೆಲಸ, ನಮಗೇಕೆ ಎನ್ನುವವರಿದ್ದಾರೆ. ಆದೋನಿ, ಕೋಸಿಗಿ, ಕೌತಾಳಂ, ಹಾಲಹರವಿಯಂಥ ಕಡೆ ಆ ಮಾತು ನಡೆಯುವುದಿಲ್ಲ. ಮಿದುಳಿನ ಶಸ್ತ್ರಚಿಕಿತ್ಸೆಯ ದೊಡ್ಡ ಸರ್ಕಾರಿ ಆಸ್ಪತ್ರೆ ಆದೋನಿಯಿಂದ ಸುಮಾರು 100 ಕಿಲೋಮೀಟರ್ ದೂರದ ಕರ್ನೂಲಿನಲ್ಲಿದೆ. ರೋಗಿ ಅಲ್ಲಿಗೆ ಮುಟ್ಟುವ ಮೊದಲು ಸೊಸೆಯೋ ಮಗನೋ ಪಕ್ಕದ ಮನೆಯವರೋ ಮೂರು ನಾಲ್ಕು ತೀರ್ಮಾನ ಮಾಡಿ ಆಗಿರುತ್ತದೆ. ಜೀವ ಉಳಿಯುವುದೂ ಹೋಗುವುದೂ ಬಹುಪಾಲು ಆ ತೀರ್ಮಾನಗಳ ಮೇಲೆ. ಆದ್ದರಿಂದ ಗುರುತಿಸುವ ಕೆಲಸ ಮನೆಯಲ್ಲೇ ಆಗಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯೂ ದೊಡ್ಡದಲ್ಲ. ರೋಗದ ಹೆಸರು ಹೇಳುವುದು ಮನೆಯವರ ಹೊಣೆಯಲ್ಲ. ನಿನ್ನೆಯವರೆಗೆ, ಅಥವಾ ಅರ್ಧ ಗಂಟೆಯ ಹಿಂದಿನವರೆಗೆ, ಈ ಮನುಷ್ಯ ಹೇಗಿದ್ದ, ಈಗ ಹೇಗಾದ, ಯಾವ ಹೊತ್ತಿಗೆ ಹಾಗಾದ ಎಂಬುದನ್ನು ಗಮನಿಸಿದರೆ ಸಾಕು.

ಪೆಟ್ಟು ಇಲ್ಲದೆಯೂ ರಕ್ತಸ್ರಾವವಾಗುತ್ತದೆ, ಅದರ ಮುಖ್ಯ ಕಾರಣ ಬಿಪಿ. ವರ್ಷಗಟ್ಟಲೆ ಒತ್ತಡ ತಡೆದುಕೊಂಡು ಶಿಥಿಲವಾದ ಸಣ್ಣ ನಾಳವೊಂದು ಒಂದು ದಿನ ಒಡೆಯುತ್ತದೆ. ಅದು ಸಾಮಾನ್ಯವಾಗಿ ಒಡೆಯುವುದು ಮಿದುಳಿನ ಆಳದಲ್ಲಿ, ದೇಹದ ಒಂದು ಪಕ್ಕವನ್ನು ಆಡಿಸುವ ನರತಂತುಗಳು ಒತ್ತಾಗಿ ಹಾದು ಹೋಗುವ ಜಾಗದಲ್ಲಿ. ಅದಕ್ಕೇ ಉಣ್ಣುತ್ತಿದ್ದವರ ಕೈಯಿಂದ ತುತ್ತು ಜಾರುತ್ತದೆ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ನಗಲು ಹೇಳಿ, ಎರಡೂ ಕೈ ಎತ್ತಿ ಹಿಡಿಯಲು ಹೇಳಿ, ಒಂದು ವಾಕ್ಯ ನುಡಿಯಲು ಹೇಳಿ ನೋಡುವ ಪರೀಕ್ಷೆ ಇಂಗ್ಲೆಂಡಿನಲ್ಲಿ 1990ರ ದಶಕದ ಕೊನೆಗೆ ಆಂಬುಲೆನ್ಸ್ ಸಿಬ್ಬಂದಿಗಾಗಿ ರೂಪಗೊಂಡದ್ದು, ಈಗ ಜಗತ್ತಿನ ಎಲ್ಲ ಕಡೆ ಜನಸಾಮಾನ್ಯರಿಗೂ ಕಲಿಸುತ್ತಾರೆ. ಆದರೆ ಆ ಮೂರನ್ನೇ ನಂಬಿದರೆ ಹಿಂಬದಿಯ ಕಿರುಮಿದುಳಿನ ಸ್ರಾವ ಕೈತಪ್ಪುತ್ತದೆ. ಅಲ್ಲಿ ಕೈಕಾಲಿನ ಬಲ ಹಾಗೇ ಇರುತ್ತದೆ. ಆದರೆ ಎದ್ದು ನಿಂತರೆ ವಾಲುತ್ತಾರೆ, ತಲೆ ಸುತ್ತುತ್ತದೆ, ಬಿಡದೆ ವಾಂತಿಯಾಗುತ್ತದೆ. ಊರಿನಲ್ಲಿ ಅದಕ್ಕೆ ಪಿತ್ತ ಏರಿದೆ ಎನ್ನುತ್ತಾರೆ. ಏಪ್ರಿಲ್ ಮೇ ತಿಂಗಳಾದರೆ ಬಿಸಿಲು ಬಡಿದಿದೆ ಎನ್ನುತ್ತಾರೆ. ಮಾತು ತೊದಲಿದರೆ ಗಾಳಿ ಸೋಕಿದೆ, ಬಾಯಿ ಸೊಟ್ಟಗಾದರೆ ಲಕ್ವಾ, ಅದಕ್ಕೆ ಎಣ್ಣೆ ತಿಕ್ಕುವ ಊರಿಗೆ ಕರೆದೊಯ್ಯಬೇಕು. ಈ ಹೆಸರುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಿಸಿಲು ಆ ಸೀಮೆಯಲ್ಲಿ ನಿಜವಾಗಿಯೂ ಜನರನ್ನು ಕೆಡಹುತ್ತದೆ, ಪಿತ್ತವೆಂದು ಕರೆಯುವ ವಾಂತಿಯೂ ಬಹುಪಾಲು ತಾನೇ ವಾಸಿಯಾಗುತ್ತದೆ. ತೊಂದರೆ ಇರುವುದು ಇಲ್ಲಿ: ಹೆಸರು ಕೊಟ್ಟ ಮೇಲೆ ಕಾಯುವುದು ಸುಲಭವಾಗುತ್ತದೆ, ಕಾಯುವಾಗ ಒಳಗಿನ ನೆತ್ತರು ಕಾಯುವುದಿಲ್ಲ. ಬಿಪಿಯಿಂದಾಗುವ ಸ್ರಾವದಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಮೊದಲ ಕೆಲವು ಗಂಟೆಗಳಲ್ಲೇ ನೆತ್ತರಿನ ಗಡ್ಡೆ ಇನ್ನೂ ದೊಡ್ಡದಾಗುತ್ತದೆ.

ತಲೆನೋವಿನ ಬಗ್ಗೆ ಎರಡು ತಪ್ಪು ಎಣಿಕೆಗಳಿವೆ. ತಲೆನೋವಿಲ್ಲದಿದ್ದರೆ ಮಿದುಳಿಗೆ ಏನೂ ಆಗಿಲ್ಲ ಎಂಬುದು ಒಂದು. ಮಿದುಳಿಗೆ ತನ್ನದೇ ನೋವಿನ ಅರಿವು ಇಲ್ಲ, ಆಳದ ಸ್ರಾವವಾದವರಲ್ಲಿ ಅರ್ಧದಷ್ಟು ಜನ ತಲೆನೋವನ್ನೇ ಹೇಳುವುದಿಲ್ಲ. ಎಲ್ಲ ಜೋರಾದ ತಲೆನೋವೂ ರಕ್ತಸ್ರಾವವೇ ಎಂಬ ಭಯ ಇನ್ನೊಂದು. ಪ್ರತಿ ತಲೆನೋವಿಗೂ ಕರ್ನೂಲಿಗೆ ಓಡುವುದಾದರೆ ಬಡವರು ಬದುಕುವುದು ಹೇಗೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಉತ್ತರ ನೋವಿನ ಜೋರಿನಲ್ಲಿಲ್ಲ, ಅದು ಏರಿದ ವೇಗದಲ್ಲಿದೆ. ಮೈಗ್ರೇನ್ ನಿಧಾನವಾಗಿ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಏರುತ್ತದೆ, ರೋಗಿಗೆ ಅದು ಪರಿಚಿತ ನೋವು. ಮಿದುಳಿನ ಹೊರಮೈಯ ಉಬ್ಬಿದ ನಾಳವೊಂದು ಒಡೆದರೆ ನೋವು ಒಂದು ನಿಮಿಷದೊಳಗೆ ಶಿಖರ ಮುಟ್ಟುತ್ತದೆ. ಬದುಕಿನಲ್ಲಿ ಇಂಥದ್ದು ಕಂಡಿಲ್ಲ ಎಂದು ರೋಗಿಯೇ ಹೇಳುತ್ತಾರೆ. ಜೊತೆಗೆ ವಾಂತಿ, ಬೆಳಕು ಸಹಿಸಲಾಗದಿರುವುದು, ಕುತ್ತಿಗೆ ಬಿಗಿದುಕೊಳ್ಳುವುದು, ಒಂದು ಗಳಿಗೆ ಪ್ರಜ್ಞೆ ತಪ್ಪುವುದು ಇರಬಹುದು. ಮಾತ್ರೆ ನುಂಗಿದ ಮೇಲೆ ಆ ನೋವು ಕಡಿಮೆಯಾದರೂ ಮೋಸ ಹೋಗಬಾರದು. ಅದೇ ನಾಳ ಮತ್ತೆ ಒಡೆಯುವ ಅಪಾಯ ಮೊದಲ ದಿನದಲ್ಲೇ ಅತಿ ಹೆಚ್ಚು, ಎರಡನೆಯ ಸಲ ಒಡೆದರೆ ಉಳಿಯುವವರು ಕಡಿಮೆ. ಆ ಸೀಮೆಯ ಹೊಲಗಳಿಗೆ ಸಂಬಂಧಿಸಿದ ಇನ್ನೊಂದು ಕಾರಣವನ್ನೂ ಇಲ್ಲೇ ಹೇಳಬೇಕು: ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಹಾವು ಕಚ್ಚಿದವರಿಗೆ ತಲೆನೋವು, ವಾಂತಿ, ಮಂಪರು ಕಂಡರೆ ಅದು ಹೆದರಿಕೆಯ ಲಕ್ಷಣವಿರಲಾರದು, ಮಿದುಳಿನಲ್ಲೇ ಸ್ರಾವವಾಗುತ್ತಿರಬಹುದು.

ಇಷ್ಟು ಹೊತ್ತು ಥಟ್ಟನೆ ಆಗುವ ಬದಲಾವಣೆಯ ಮಾತಾಯಿತು. ವಯಸ್ಸಾದವರಲ್ಲಿ ಇದಕ್ಕೆ ಒಂದು ಅಪವಾದವಿದೆ. ವಯಸ್ಸಿನೊಂದಿಗೆ ಮಿದುಳು ತುಸು ಕುಗ್ಗುತ್ತದೆ, ಅದರ ಮೇಲಿನ ಸಣ್ಣ ರಕ್ತನಾಳಗಳು ಜಗ್ಗಿಕೊಂಡಿರುತ್ತವೆ. ಬಚ್ಚಲಲ್ಲಿ ಜಾರಿದ, ಬಾಗಿಲಿಗೆ ತಲೆ ತಗುಲಿದ ಸಣ್ಣ ಪೆಟ್ಟೂ ಅವನ್ನು ಹರಿಯಬಲ್ಲದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ದಿನವೂ ಕುಡಿಯುವವರಲ್ಲಿ ಈ ಸಾಧ್ಯತೆ ಹೆಚ್ಚು. ನೆತ್ತರು ವಾರಗಟ್ಟಲೆ ಹನಿಯುತ್ತದೆ. ಅಜ್ಜ ಹೆಚ್ಚು ಮಲಗುತ್ತಾನೆ, ನಡೆಯುವಾಗ ಕಾಲೆಳೆಯುತ್ತಾನೆ, ಮೊಮ್ಮಗನ ಹೆಸರು ಮರೆಯುತ್ತಾನೆ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ಹೊತ್ತಿಗೆ ಬಿದ್ದದ್ದು ಅವನಿಗೂ ನೆನಪಿರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಆಧ್ಯಾತ್ಮಿಕ ಗುರು ಜಗ್ಗಿ ವಾಸುದೇವ್ ಅವರಿಗೆ 2024ರ ಮಾರ್ಚ್ 17ರಂದು ದೆಹಲಿಯಲ್ಲಿ ತುರ್ತು ಶಸ್ತ್ರಚಿಕಿತ್ಸೆ ಆದಾಗ, ಅದಕ್ಕೂ ಮುನ್ನ ಸುಮಾರು ನಾಲ್ಕು ವಾರ ಅವರಿಗೆ ತೀವ್ರ ತಲೆನೋವಿತ್ತು, ಅದರಲ್ಲೇ ಕಾರ್ಯಕ್ರಮಗಳನ್ನು ನಡೆಸುತ್ತಿದ್ದರು ಎಂಬುದು ಹೊರಬಂತು. ಸ್ಕ್ಯಾನಿನಲ್ಲಿ ಹಳೆಯ ಸ್ರಾವವೂ ಹೊಸ ಸ್ರಾವವೂ ಕಂಡವು. ಅವರು ಚೇತರಿಸಿಕೊಂಡರು. ಈ ಬಗೆಯ ನಿಧಾನ ಸ್ರಾವವನ್ನು ಎಷ್ಟೋ ಸಲ ಬುರುಡೆಗೆ ಸಣ್ಣ ರಂಧ್ರ ಕೊರೆದು ಬಸಿಯಬಹುದು. ಹಾಸಿಗೆ ಹಿಡಿದ ಮುದುಕರು ಎದ್ದು ನಡೆಯುವಂತೆ ಮಾಡುವ ಕೆಲವೇ ಚಿಕಿತ್ಸೆಗಳಲ್ಲಿ ಇದು ಒಂದು. ಎರಡು ಮೂರು ವಾರಗಳಲ್ಲಿ ಬುದ್ಧಿ, ನಡಿಗೆ ಬದಲಾದ ಹಿರಿಯರನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ಅನ್ಯಾಯ.

ಈಗ ಅತಿ ಮುಖ್ಯವಾದ ಆಕ್ಷೇಪ. ಹತ್ತಿರದಲ್ಲೇ ಆರ್‌ಎಂಪಿ ಡಾಕ್ಟರು ಇದ್ದಾರೆ, ಬಿಪಿ ನೋಡಿ ಒಂದು ಮಾತ್ರೆ ನಾಲಿಗೆಯಡಿ ಇಟ್ಟು, ಒಂದು ಬಾಟಲಿ ಏರಿಸಿ ಕಳಿಸಿದರೆ ದಾರಿಯಲ್ಲಿ ಅನುಕೂಲವಲ್ಲವೇ? ಅರ್ಧರಾತ್ರಿ ಕರೆದರೂ ಬರುವವರು ಅವರೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಲಕ್ವಾ ಹೊಡೆದವರಲ್ಲಿ ಹೆಚ್ಚಿನವರಿಗೆ ಆಗಿರುವುದು ಸ್ರಾವವಲ್ಲ, ನಾಳ ಕಟ್ಟಿಕೊಂಡದ್ದು. ಹೊರಗಿನ ಲಕ್ಷಣ ನೋಡಿ ಎರಡನ್ನೂ ಬೇರ್ಪಡಿಸುವುದು ಅನುಭವಿ ನರರೋಗ ತಜ್ಞರಿಗೂ ಆಗದು. ಎರಡಕ್ಕೂ ಚಿಕಿತ್ಸೆ ಒಂದಕ್ಕೊಂದು ವಿರುದ್ಧ. ನಾಳ ಕಟ್ಟಿದವರಿಗೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಔಷಧ ಕೊಡಬಹುದು, ಸ್ರಾವವಾದವರಿಗೆ ಅದೇ ಔಷಧ ಮರಣಾಂತಿಕ. ಆಸ್ಪಿರಿನ್ನಿನದೂ ಅದೇ ಕಥೆ. ಬಿಪಿ ಇಳಿಸುವ ಬಗ್ಗೆ ಚೀನಾದಲ್ಲಿ ಆಂಬುಲೆನ್ಸಿನಲ್ಲೇ ನಡೆದ, 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. 2400ಕ್ಕೂ ಹೆಚ್ಚು ರೋಗಿಗಳ ಮೇಲಿನ ಆ ಪ್ರಯೋಗದಲ್ಲಿ ದಾರಿಯಲ್ಲೇ ಬಿಪಿ ಇಳಿಸಿದಾಗ ಸ್ರಾವವಾದವರಿಗೆ ಒಳ್ಳೆಯದಾಯಿತು, ನಾಳ ಕಟ್ಟಿದವರಿಗೆ ಕೆಡುಕಾಯಿತು. ಎಲ್ಲರನ್ನೂ ಸೇರಿಸಿ ನೋಡಿದರೆ ಲಾಭ ನಷ್ಟ ಸಮವಾಯಿತು. ಹಾಗಾಗಿ ಸಿಟಿ ಸ್ಕ್ಯಾನ್ ಆಗುವವರೆಗೆ ಬಾಯಿಗೆ ಯಾವ ಮಾತ್ರೆಯೂ ಬೇಡ. ನೀರು, ಕಾಫಿ, ಕಷಾಯವೂ ಬೇಡ, ನುಂಗುವ ಶಕ್ತಿ ಕುಂದಿದವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಹೊರಗೆ ಹೋಗುವಂತೆ ನೋಡಿ, ಫಿಟ್ಸ್ ಬಂದರೆ ಬಾಯಿಗೆ ಚಮಚವನ್ನಾಗಲಿ ಕೈಗೆ ಕಬ್ಬಿಣವನ್ನಾಗಲಿ ತುರುಕಬೇಡಿ. ಆರ್‌ಎಂಪಿಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬಿಪಿ, ಸಕ್ಕರೆ ಅಳೆದು, ಹೊತ್ತು ಬರೆದು, 108ಕ್ಕೆ ಕರೆ ಮಾಡಿಸುವುದು. ಸಕ್ಕರೆ ತೀರಾ ಇಳಿದರೂ ಲಕ್ವಾದಂತೆಯೇ ಕಾಣುತ್ತದೆ, ಆದ್ದರಿಂದ ಆ ಅಳತೆಗೆ ಬೆಲೆಯಿದೆ.

ಸ್ರಾವವೇ ಆಗಿದ್ದರೆ ಉಳಿಯುವುದಿಲ್ಲ, ಸುಮ್ಮನೆ ಸಾಲ ಮಾಡಿ ಏಕೆ ಒಯ್ಯಬೇಕು ಎಂಬ ನಿರಾಶೆಯ ಮಾತೂ ಕೇಳುತ್ತದೆ. ಆ ಮಾತಿಗೆ ಆಧಾರವಿಲ್ಲ ಎನ್ನಲಾರೆ: ಮಿದುಳಿನ ಒಳಗೇ ಸ್ರಾವವಾದವರಲ್ಲಿ ಸುಮಾರು ನೂರಕ್ಕೆ ನಲವತ್ತು ಜನ ಒಂದು ತಿಂಗಳೊಳಗೆ ಸಾಯುತ್ತಾರೆ. ಆದರೆ ಉಳಿದ ಅರವತ್ತು ಜನರಲ್ಲಿ ಯಾರು ತಮ್ಮ ಕೈಯಾರೆ ಉಣ್ಣುತ್ತಾರೆ, ಯಾರು ಹಾಸಿಗೆಯಲ್ಲೇ ಉಳಿಯುತ್ತಾರೆ ಎಂಬುದನ್ನು ಮೊದಲ ಗಂಟೆಗಳ ಆರೈಕೆ ಬದಲಿಸುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಹತ್ತು ದೇಶಗಳ 7000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು, ಭಾರತವೂ ಅದರಲ್ಲಿತ್ತು. ಅಲ್ಲಿ ಪರೀಕ್ಷಿಸಿದ್ದು ದುಬಾರಿ ಯಂತ್ರವನ್ನಲ್ಲ. ಸ್ಕ್ಯಾನಿನಲ್ಲಿ ಸ್ರಾವ ಖಚಿತವಾದ ಮೇಲೆ ಮೇಲಿನ ಬಿಪಿಯನ್ನು ಒಂದು ಗಂಟೆಯೊಳಗೆ 140ಕ್ಕಿಂತ ಕೆಳಗೆ ತರುವುದು, ಸಕ್ಕರೆ ಮತ್ತು ಜ್ವರ ಹತೋಟಿಯಲ್ಲಿಡುವುದು, ರಕ್ತ ತೆಳುವಾಗಿಸುವ ಔಷಧದ ಪರಿಣಾಮವನ್ನು ತೊಡೆದುಹಾಕುವುದು, ಇಷ್ಟೇ. ಇವನ್ನು ಒಟ್ಟಿಗೆ, ಬೇಗ ಮಾಡಿದ ಕಡೆ ಸಾವೂ ಅಂಗವೈಕಲ್ಯವೂ ತಗ್ಗಿದವು. ಇದು ಸರ್ಕಾರಿ ಆಸ್ಪತ್ರೆಯಲ್ಲೂ ಆಗಬಹುದಾದ ಕೆಲಸ. ಖರ್ಚಿನ ಭಯದಿಂದ ಮನೆಯಲ್ಲೇ ಇಟ್ಟುಕೊಂಡ ರೋಗಿ ಬದುಕಿ ಹಾಸಿಗೆ ಹಿಡಿದರೆ, ನೋಡಿಕೊಳ್ಳಲು ಕೂಲಿ ಬಿಟ್ಟು ಕೂರುವ ಒಬ್ಬರ ದುಡಿಮೆಯೂ ಹೋಗುತ್ತದೆ. ಆ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಎಲ್ಲಿಗೆ ಒಯ್ಯಬೇಕೆಂಬ ಪ್ರಶ್ನೆ ಈ ಸೀಮೆಗೆ ವಿಶೇಷವಾದದ್ದು. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ರಾಜ್ಯ ಬದಲಾದರೂ ಹೊಳಗುಂದ, ಹಾಲಹರವಿ ಕಡೆಯವರಿಗೆ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ, ಹಿಂದೆ ವಿಮ್ಸ್ ಎನಿಸಿಕೊಂಡಿದ್ದ ಅಲ್ಲಿಯ ಸರ್ಕಾರಿ ಆಸ್ಪತ್ರೆ ಅವರಿಗೆ ಹೊಸದಲ್ಲ. ಕೋಸಿಗಿ, ಮಂತ್ರಾಲಯದವರಿಗೆ ರಾಯಚೂರು ಹತ್ತಿರ. ತುರ್ತಿನಲ್ಲಿ ಹತ್ತಿರದ ಸಿಟಿ ಸ್ಕ್ಯಾನೇ ಸರಿಯಾದ ದಿಕ್ಕು. ಆದರೆ ಒಂದು ರಾಜ್ಯದ ಆರೋಗ್ಯ ಕಾರ್ಡು ಇನ್ನೊಂದು ರಾಜ್ಯದಲ್ಲಿ ನಡೆಯುತ್ತದೆಯೇ, ಸ್ಕ್ಯಾನ್ ರಾತ್ರಿಯೂ ಇರುತ್ತದೆಯೇ ಎಂಬುದನ್ನು ಆರೋಗ್ಯವಾಗಿದ್ದಾಗಲೇ ಕೇಳಿಟ್ಟುಕೊಳ್ಳಬೇಕು. ಮೂರು ಕಡೆ ಅಲೆದು ನಾಲ್ಕನೆಯ ಕಡೆ ಸ್ಕ್ಯಾನ್ ಆಗುವುದೇ ನಮ್ಮಲ್ಲಿ ಹೆಚ್ಚು ಜೀವ ತೆಗೆಯುತ್ತದೆ ಎಂಬುದು ನನ್ನ ದೃಢವಾದ ಅನಿಸಿಕೆ. ಜೊತೆಗೆ ಹೋಗುವವರು ರೋಗಿ ನುಂಗುತ್ತಿದ್ದ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಬೇಕು. ಕನ್ನಡವನ್ನಷ್ಟೇ ಆಡುವ ಅಜ್ಜಿಯನ್ನು ತೆಲುಗು ವಾರ್ಡಿಗೆ ಸೇರಿಸುವಾಗ ಇನ್ನೊಂದು ಎಚ್ಚರ ಬೇಕು. ಆಕೆಯ ಮಾತು ತೊದಲುತ್ತಿದೆಯೋ, ಭಾಷೆ ತಿಳಿಯದೆ ಸುಮ್ಮನಿದ್ದಾಳೋ ಎಂಬುದು ಅಲ್ಲಿಯ ನರ್ಸಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡುವಾಗ ನೆಟ್ಟಗೆ ಮಾತಾಡಿದಳು, ಎರಡಕ್ಕೆ ಮಾತು ಕೆಟ್ಟಿತು ಎಂದು ಮನೆಯವರೇ ಮುಂದಾಗಿ ಹೇಳಬೇಕು. ಕೊನೆಯ ಸಲ ಸರಿಯಾಗಿದ್ದ ಹೊತ್ತೇ ವೈದ್ಯರು ಮೊದಲು ಕೇಳುವ ಪ್ರಶ್ನೆ.

ಬಿಪಿಯ ಬಗ್ಗೆ ಒಂದು ಹಳೆಯ ದಾಖಲೆ ಇದೆ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಾರಿ ನೋವೆಂದು ಹೇಳಿ ಕುಸಿದರು, ಕೆಲವೇ ಗಂಟೆಗಳಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವರ್ಷಗಳಿಂದ ಅವರ ಬಿಪಿ ಏರುತ್ತಿತ್ತು, ಕುಸಿದಾಗ ಮೇಲಿನ ಅಂಕಿ 300 ಮುಟ್ಟಿತ್ತು. ಜಗತ್ತಿನ ಬಲಿಷ್ಠ ದೇಶದ ವೈದ್ಯರ ಕೈಯಲ್ಲೂ ಆಗ ಅದನ್ನು ಇಳಿಸುವ ಒಳ್ಳೆಯ ಮಾತ್ರೆ ಇರಲಿಲ್ಲ. ಇಂದು ಅಂಥ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ 21 ಜನರಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆದಿದೆ. ಒಮ್ಮೆ ಶುರು ಮಾಡಿದರೆ ಬಿಡಲಾಗದು ಎಂದು ಮಾತ್ರೆಗೆ ಹೆದರುವವರು ತಿಳಿಯಬೇಕಾದ್ದು, ಬಿಡಲಾಗದಿರುವುದು ಮಾತ್ರೆಯ ಚಟದಿಂದಲ್ಲ, ರೋಗ ಒಳಗೇ ಇರುವುದರಿಂದ. ಮಳೆ ಕೈಕೊಟ್ಟ ವರ್ಷ ಆದೋನಿ, ಕೋಸಿಗಿ, ಪೆದ್ದಕಡಬೂರಿನ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತವೆ. ಊರು ಬಿಟ್ಟ ಕೂಡಲೇ ತಪ್ಪಿಹೋಗುವುದು ಈ ಮಾತ್ರೆ. ಗುಳೆ ಹೊರಡುವ ವಾರ ಮನೆಯ ದೊಡ್ಡವರೆಲ್ಲ ಒಮ್ಮೆ ಬಿಪಿ ನೋಡಿಸಿಕೊಳ್ಳಿ. ಮಾತ್ರೆ ನಡೆದಿದ್ದರೆ ಹಿಂದಿರುಗುವ ದಿನದವರೆಗೆ ಆಗುವಷ್ಟನ್ನು ಆಶಾ ಕಾರ್ಯಕರ್ತೆಯ ಬಳಿಯೋ ಆರೋಗ್ಯ ಕೇಂದ್ರದಲ್ಲೋ ಹೇಳಿ, ಕೇಳಿ ಪಡೆದುಕೊಂಡೇ ಬಸ್ಸು ಹತ್ತಿ.